ಬೆಳಗಿನ ತಲೆನೋವೂ ರಾತ್ರಿಯ ಗೊರಕೆಯೂ

ಮದ್ದೂರಿನ ಬಳಿ ಆಲೆಮನೆ ನಡೆಸುವ ಓದುಗರೊಬ್ಬರ ಪತ್ರ: "ನನಗೆ 46 ವರ್ಷ. ಒಂದು ವರ್ಷದಿಂದ ಏಳುವಾಗಲೇ ತಲೆನೋವು. ಮಾತ್ರೆ ನುಂಗಿ ಕಾಫಿ ಕುಡಿದರೆ ಹತ್ತು ಗಂಟೆಯೊಳಗೆ ಇಳಿಯುತ್ತದೆ. ಪಿತ್ತ ಎಂದರು. ಉತ್ತರಕ್ಕೆ ತಲೆ ಹಾಕಬೇಡ ಎಂದರು, ಮಂಚವನ್ನೂ ತಿರುಗಿಸಿದೆ. ನಿದ್ದೆಯ ತೊಂದರೆಯಂತೂ ಇಲ್ಲ. ಮಲಗಿದ ತಕ್ಷಣ ಗೊರಕೆ ಶುರು, ಮಕ್ಕಳು ಪಕ್ಕದ ಕೋಣೆಗೆ ಓಡುತ್ತಾರೆ ಎಂದು ಹೆಂಡತಿಯ ದೂರು. ತಲೆ ಸ್ಕ್ಯಾನ್ ಮಾಡಿಸಲೇ?"

ಮಾನ್ಯರೇ,

'ನಿದ್ದೆಯ ತೊಂದರೆಯಂತೂ ಇಲ್ಲ' ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಗೊರಕೆ ಹೊಡೆಯುವವನನ್ನು ಕಂಡರೆ 'ಪುಣ್ಯವಂತ, ಎಂಥ ನಿದ್ದೆ' ಎನ್ನುವುದು ನಮ್ಮ ರೂಢಿ. ಆ ಪುಣ್ಯವಂತನ ಗಂಟಲಿನೊಳಗೆ ನಡೆಯುವುದೇ ಬೇರೆ. ನಿದ್ದೆಯಲ್ಲಿ ಅಲ್ಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಕಿರಿದಾಗುತ್ತದೆ, ಕೆಲವರಲ್ಲಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಉಸಿರು ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ನಿಲ್ಲುತ್ತದೆ. ಮಿದುಳು ಗಾಬರಿಯಿಂದ ಅರೆ ಎಚ್ಚರಗೊಂಡು ಉಸಿರನ್ನು ಮತ್ತೆ ಎಳೆಸುತ್ತದೆ; ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ. ಗಂಟೆಗೆ ಐದು ಸಲಕ್ಕಿಂತ ಹೆಚ್ಚು ಹೀಗಾದರೆ ವೈದ್ಯರು ಅದನ್ನು ಸ್ಲೀಪ್ ಅಪ್ನಿಯಾ ಎಂದು ಗಂಭೀರವಾಗಿ ನೋಡುತ್ತಾರೆ. ತೀವ್ರವಾದವರಲ್ಲಿ ಇದು ಗಂಟೆಗೆ ಮೂವತ್ತನ್ನೂ ದಾಟುತ್ತದೆ. ರಾತ್ರಿಯಿಡೀ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುವುದರಿಂದ ಮಿದುಳಿನ ರಕ್ತನಾಳಗಳು ಹಿಗ್ಗಿ ನೋವು ಹುಟ್ಟುತ್ತದೆ ಎನ್ನುವುದು ಒಂದು ವಿವರಣೆ. ಈ ನೋವು ಸಾಮಾನ್ಯವಾಗಿ ತಲೆಯ ಎರಡೂ ಬದಿ ಅದುಮಿದಂತೆ ಇರುತ್ತದೆ, ಎದ್ದ ನಾಲ್ಕು ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ನಿಮ್ಮ ಹತ್ತು ಗಂಟೆಯ ಲೆಕ್ಕ ಇದಕ್ಕೆ ಹೊಂದುತ್ತದೆ. ಹಾಗಾಗಿ ಆ ಮಾತ್ರೆಗೆ ನೀವು ಕೊಡುತ್ತಿರುವ ಕೀರ್ತಿ ಅದಕ್ಕೆ ಸಲ್ಲಬೇಕಾದದ್ದೇ ಎಂಬುದು ನನ್ನ ಅನುಮಾನ.

ಮಾತ್ರೆಯ ಬಗ್ಗೆ ಇನ್ನೂ ಒಂದು ಮಾತಿದೆ. ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ ಹದಿನೈದು ದಿನ, ಹಲವು ಔಷಧಗಳು ಬೆರೆತದ್ದನ್ನು ಹತ್ತು ದಿನ, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವು ತರಬಲ್ಲದು. ವೈದ್ಯರ ಮುಂದೆ ಇದನ್ನು ಮುಚ್ಚಿಡಬೇಡಿ. ಕಾಫಿಯದೂ ಇದೇ ಕಥೆ. ದಿನಕ್ಕೆ ಹಲವು ಲೋಟ ಕುಡಿದು ರೂಢಿಯಾದವರಿಗೆ ಕೊನೆಯ ಲೋಟದ ಹನ್ನೆರಡು ಗಂಟೆಯ ಬಳಿಕ ತಲೆ ಹಿಡಿಯಲು ಶುರುವಾಗಬಹುದು. ಸಂಜೆ ಐದಕ್ಕೆ ಕುಡಿದಿದ್ದರೆ ಅದು ಸರಿಯಾಗಿ ಬೆಳಗಿನ ಜಾವಕ್ಕೆ ಬೀಳುತ್ತದೆ.

ಮೈಗ್ರೇನ್, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಕತ್ತಿಗೆ ಹೊಂದದ ದಿಂಬು ಇವೂ ಕಾರಣವಾಗಬಲ್ಲವು. ಕಬ್ಬಿನ ಕಾಲದಲ್ಲಿ ಇಂದು ನಡುರಾತ್ರಿ, ನಾಳೆ ಮುಂಜಾನೆ ಎಂದು ಮಲಗುವ ಹೊತ್ತು ಬದಲಾಗುತ್ತಿದ್ದರೆ ಮೈಗ್ರೇನ್ ಇರುವವರಿಗೆ ಅದೊಂದೇ ಸಾಕು. ಇನ್ನು ಮಂಚದ ದಿಕ್ಕು: ಹೇಗೂ ತಿರುಗಿಸಿದ್ದೀರಿ, ಹಾಗೆಯೇ ಇರಲಿ. ನೋವು ಅದನ್ನು ಗಮನಿಸಿಲ್ಲ.

ಸ್ಕ್ಯಾನ್ ಬೇಕೇ ಎಂಬುದನ್ನು ವೈದ್ಯರು ಪರೀಕ್ಷಿಸಿದ ಮೇಲೆ ಹೇಳಲಿ. ಆದರೆ ಒಮ್ಮೆಲೇ ಸಿಡಿಲಿನಂತೆ ಬಂದ ನೋವು, ಕೈಕಾಲಿನ ಬಲಹೀನತೆ, ಮಾತಿನ ತೊದಲು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ವಾಂತಿಯೊಡನೆ ದಿನದಿಂದ ದಿನಕ್ಕೆ ಏರುವ ನೋವನ್ನೂ ತಡಮಾಡದೆ ತೋರಿಸಿ. ನಿಮ್ಮ ಪತ್ರದಲ್ಲಿ ಇವಾವುದರ ಸುಳಿವೂ ಇಲ್ಲ. ಮೊದಲು ರಕ್ತದೊತ್ತಡ ನೋಡಿಸಿ, ಕಿವಿ-ಮೂಗು-ಗಂಟಲು ತಜ್ಞರನ್ನೋ ಶ್ವಾಸಕೋಶ ತಜ್ಞರನ್ನೋ ಕಂಡು ನಿದ್ದೆಯ ಪರೀಕ್ಷೆಯ ಬಗ್ಗೆ ಕೇಳಿ. ಅಪ್ನಿಯಾ ಎಂದು ಖಚಿತವಾದರೆ ಚಿಕಿತ್ಸೆ ಇದೆ. ಮುಖವಾಡದ ಮೂಲಕ ಗಾಳಿ ಊದಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲೇ ಪ್ರಕಟಿಸಿದರು. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿ, ತೂಕ ಹೆಚ್ಚಿದ್ದರೆ ಇಳಿಸಿ, ರಾತ್ರಿಯ ಮದ್ಯ ಬಿಡಿ; ಅದು ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ.

ಹೋಗುವಾಗ ಮನೆಯವರನ್ನೂ ಕರೆದೊಯ್ಯಿರಿ. ಗೊರಕೆ ನಡುವೆ ನಿಲ್ಲುತ್ತದೆಯೇ, ಉಸಿರು ಸಿಕ್ಕಿಹಾಕಿಕೊಂಡಂತೆ ಬೆಚ್ಚುತ್ತೀರಾ ಎಂದು ವೈದ್ಯರು ಕೇಳುತ್ತಾರೆ. ಆ ಹೊತ್ತಿನಲ್ಲಿ ಎಚ್ಚರವಿದ್ದವರು ಅವರೊಬ್ಬರೇ.