ಮೊದಲ ಮಹಾಯುದ್ಧದ ಕಾರಣಗಳು: ಪಟ್ಟಿಯಿಂದ ವಾದಕ್ಕೆ

ಒಂಬತ್ತನೇ ತರಗತಿಯವರು ಕಾರಣಗಳನ್ನು ಪಟಪಟನೆ ಹೇಳುತ್ತಾರೆ, ಆದರೆ ‘ಯಾವುದು ಮುಖ್ಯ, ಏಕೆ?’ ಎಂದರೆ ಸುಮ್ಮನಾಗುತ್ತಾರೆ. ಪಟ್ಟಿಯಲ್ಲಿ ಎಲ್ಲ ಕಾರಣಗಳೂ ಸಮಾನವಾಗಿ ಕಾಣುವುದೇ ಇದರ ಮೂಲ.

ಎಂಟು ಚೀಟಿ ಮಾಡಿ, ನಾಲ್ವರ ಗುಂಪಿಗೆ ಒಂದು ಕಟ್ಟು ಕೊಡಿ. ಮೂರರಲ್ಲಿ ದೀರ್ಘಕಾಲದ ಕಾರಣಗಳಿರಲಿ: ಮೈತ್ರಿಕೂಟಗಳು, ನೌಕಾಬಲದ ಪೈಪೋಟಿ, ಬಾಲ್ಕನ್ (ಆಗ್ನೇಯ ಯುರೋಪ್) ರಾಷ್ಟ್ರೀಯತೆ. ಉಳಿದ ಐದು 1914ರ ಘಟನೆಗಳು: ಜೂನ್ 28ರಂದು ಸರಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಹತ್ಯೆ, ಜುಲೈ 23ರಂದು ಸರ್ಬಿಯಾಕ್ಕೆ ಆಸ್ಟ್ರಿಯಾ-ಹಂಗೇರಿಯ ಅಂತಿಮ ಎಚ್ಚರಿಕೆ, ಜುಲೈ 28ರಂದು ಸರ್ಬಿಯಾ ವಿರುದ್ಧ ಅದರ ಯುದ್ಧಘೋಷಣೆ, ಜುಲೈ 30ರ ರಷ್ಯಾದ ಸೇನಾ ಸಜ್ಜು ಆದೇಶ, ಆಗಸ್ಟ್ 4ರಂದು ಬೆಲ್ಜಿಯಂ ಮೇಲೆ ಜರ್ಮನಿಯ ದಾಳಿ. ಚೀಟಿಗಳು ಹನ್ನೆರಡು ದಾಟಿದರೆ ಮಕ್ಕಳು ಬರೀ ಜೋಡಿಸುತ್ತಾರೆ, ಯೋಚಿಸುವುದಿಲ್ಲ.

ಚೀಟಿಗಳ ನಡುವೆ ಬಾಣ ಎಳೆಯಲಿ. ಪ್ರತಿ ಬಾಣದ ಮೇಲೂ ಕ್ರಿಯಾಪದ ಕಡ್ಡಾಯ: ‘ಪ್ರಚೋದಿಸಿತು’, ‘ಬಲವಂತಪಡಿಸಿತು’, ‘ನೆಪವಾಯಿತು’. ಇದನ್ನು ಮಾತ್ರ ಬಿಡಬೇಡಿ. ಬರಿಯ ಬಾಣ ಕಾಲಾನುಕ್ರಮವನ್ನಷ್ಟೇ ತೋರಿಸುತ್ತದೆ, ‘ನಂತರ ನಡೆದದ್ದು’ ‘ಅದರಿಂದಲೇ ನಡೆದದ್ದು’ ಆಗಿಬಿಡುತ್ತದೆ. ಇಪ್ಪತ್ತು ನಿಮಿಷ ಸಾಕು.

ಆಮೇಲೆ ಒಂದು ಚೀಟಿ ತೆಗೆದು ಕೇಳಿ: ಇದಿಲ್ಲದಿದ್ದರೆ ಏನು ಬದಲಾಗುತ್ತಿತ್ತು? ಯುದ್ಧವೇ ತಪ್ಪುತ್ತಿತ್ತೇ, ತಡವಾಗುತ್ತಿತ್ತೇ, ಅಥವಾ ಬಾಲ್ಕನ್ನಿನಲ್ಲೇ ಉಳಿಯುತ್ತಿತ್ತೇ? ಬೆಲ್ಜಿಯಂ ಚೀಟಿ ಇಲ್ಲಿ ಬಹಳ ಉಪಯುಕ್ತ. ಅದನ್ನು ತೆಗೆದರೆ ಯುರೋಪಿನ ಯುದ್ಧ ನಿಲ್ಲುವುದಿಲ್ಲ, ಆ ದಾಳಿಯ ಕಾರಣಕ್ಕೆ ಯುದ್ಧಕ್ಕಿಳಿದ ಬ್ರಿಟನ್ನಿನ ಪ್ರವೇಶ ಮಾತ್ರ ಪ್ರಶ್ನೆಯಾಗುತ್ತದೆ. ಯುದ್ಧ ಆರಂಭವಾಗಲು ಕಾರಣ, ಹರಡಲು ಕಾರಣ ಬೇರೆಬೇರೆ ಎಂದು ಮಕ್ಕಳಿಗೆ ಹೊಳೆಯುವುದು ಇಲ್ಲೇ.

‘ಎಲ್ಲವೂ ಮುಖ್ಯ’ ಎಂಬ ಉತ್ತರ ಖಂಡಿತ ಬರುತ್ತದೆ. ಒಪ್ಪಬೇಡಿ. ಕೊನೆಗೆ ಪ್ರತಿಯೊಬ್ಬರೂ ಒಂದೇ ವಾಕ್ಯ ಬರೆಯಲಿ: ‘… ಗಿಂತ … ಹೆಚ್ಚು ಮುಖ್ಯ, ಏಕೆಂದರೆ …’. ಅಂಕ ಕೊಡುವುದು ‘ಏಕೆಂದರೆ’ ನಂತರದ ಭಾಗಕ್ಕೆ ಮಾತ್ರ.