ಮೊದಲು ಒಂದು ಸ್ಟೂಲ್ ಕೇಳಿ

ದಾವಣಗೆರೆಯಿಂದ ಒಬ್ಬರು ಬರೆದಿದ್ದಾರೆ. ವಯಸ್ಸು 54. ಅಂಗವಿಕಲರಿಗೆ ಕೆಲಸ ಕಲಿಸಿ ನೌಕರಿಗೆ ಸೇರಿಸುವ ಸಂಸ್ಥೆಯೊಂದರಲ್ಲಿ 23 ವರ್ಷ ದುಡಿದವರು. ಅನುದಾನ ನಿಂತು ಸಂಸ್ಥೆ ಬಾಗಿಲು ಹಾಕಿತು. ಎಂಟು ತಿಂಗಳು ಮನೆಯಲ್ಲಿ ಕೂತು, ಈಗ ದೊಡ್ಡ ಬಟ್ಟೆ ಅಂಗಡಿಯ ಸೀರೆ ವಿಭಾಗಕ್ಕೆ ಸೇರಿದ್ದಾರೆ. "ಎಂ.ಎಸ್.ಡಬ್ಲ್ಯು. ಓದಿ ಸೀರೆ ಮಡಚೋಕೆ ಹೋಗ್ತೀಯಾ? ನಮ್ಮ ಮರ್ಯಾದೆ ಏನಾಗಬೇಕು?" ಅಂದರಂತೆ ಭಾವ. ಗಂಡ ಸುಮ್ನೆ ಕೂತಿದ್ದರಂತೆ. ಹಿಂದೆ ಇವರ ಹತ್ತಿರ ಹೊಲಿಗೆ ಕಲಿತ, ಕಿವಿ ಕೇಳದ ಹುಡುಗಿಯೊಬ್ಬಳು ತಾಯಿ ಜೊತೆ ಅಂಗಡಿಗೆ ಬಂದಾಗ ನಾಚಿಕೆಯಾಗಿ ಗೋಡೌನಿಗೆ ಹೋಗಿ ನಿಂತರಂತೆ. ಕೆಲಸ ಬಿಟ್ಟುಬಿಡಲಾ ಅಂತ ಕೇಳಿದ್ದಾರೆ.

ಅಮ್ಮಾ, ನಿಮ್ಮ ಮೂರು ಪುಟದ ಪತ್ರದಲ್ಲಿ ಭಾವನಿಗೇ ಒಂದೂವರೆ ಪುಟ ಹೋಗಿದೆ. ಕೊನೆಯಲ್ಲಿ ಒಂದೇ ಒಂದು ಸಾಲು: "ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು, ಸಂಜೆಗೆ ಮಂಡಿ ಊದಿಕೊಂಡಿರುತ್ತೆ." ನನ್ನ ಹೊಟ್ಟೆ ಉರಿದದ್ದು ಆ ಸಾಲಿಗೆ. ಪೋಲಿಯೋ ಆದ ಹುಡುಗನಿಗಾಗಿ ಗಾರ್ಮೆಂಟ್ಸ್ ಮಾಲೀಕರ ಬಾಗಿಲಿಗೆ ಐದಾರು ಸಲ ಅಲೆದು ಮೇಜಿನ ಎತ್ತರ ತಗ್ಗಿಸಿದವರು ನೀವು. ಅದೇ ನೀವು ನಿಮಗಾಗಿ ಒಂದು ಸ್ಟೂಲ್ ಕೇಳಿಲ್ಲ!

ಇದು ನಿಮ್ಮೊಬ್ಬರ ಕಥೆ ಅಲ್ಲ. ಕೋಯಿಕ್ಕೋಡ್‌ನ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಕಾನೂನನ್ನೇ ತಿದ್ದಿತು. 2021ರಲ್ಲಿ ತಮಿಳುನಾಡು ಕೂಡ ತಿದ್ದಿತು. ದಾವಣಗೆರೆಯವರ ಮಂಡಿಗೂ ಅದೇ ನೋವು ಅಲ್ವಾ?

ಭಾವನ ವಿಷಯಕ್ಕೆ ಬರೋಣ. ಸಂಬಳವಿಲ್ಲದ ಆ ಎಂಟು ತಿಂಗಳಲ್ಲಿ ಅವರು ಒಂದು ದಿನವೂ "ಸಿಲಿಂಡರಿಗೆ ದುಡ್ಡಿದೆಯಾ" ಅಂತ ಕೇಳಲಿಲ್ಲ ಅಂತ ನೀವೇ ಬರೆದಿದ್ದೀರಿ. ಆಗ ಇಲ್ಲದ ಮರ್ಯಾದೆಯ ಚಿಂತೆ ಈಗೇಕೆ? ಅವರ ಮಾತಿಗೆ ಉತ್ತರ ಕೊಡುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ನಿಮ್ಮ ಯಜಮಾನರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅಣ್ಣನೆದುರು ಬಾಯಿ ಬಿಡದವರು, ರಾತ್ರಿ ನಿಮ್ಮ ಕಾಲಿಗೆ ಬಿಸಿನೀರು ಕಾಸಿ ಕೊಡುತ್ತಾರಲ್ಲ.

ಆ ಹುಡುಗಿಯ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ ಇಲ್ಲ. ಸನ್ನೆ ಭಾಷೆ ಬರುವವರು ಆ ಅಂಗಡಿಯಲ್ಲಿ ನೀವೊಬ್ಬರೇ ಇರಬೇಕು. ನೀವು ಗೋಡೌನಿನಲ್ಲಿ ನಿಂತಿದ್ದಾಗ ಅವಳ ಸೀರೆಯ ಬಣ್ಣವನ್ನು ಬಹುಶಃ ಅವಳ ತಾಯಿಯೇ ಆರಿಸಿದರು. ಮುಂದಿನ ಸಲ ಬಂದರೆ ಎದುರಿಗೆ ಹೋಗಿ, ಸೆರಗು ಬಿಚ್ಚಿ ಹರಡಿ, ಯಾವುದು ಬೇಕು ಅಂತ ಅವಳನ್ನೇ ಕೇಳಿ.

ಇನ್ನು ನನ್ನ ಹಳೇ ಮಾತು. ಹಳೆಯ ಪಿ.ಎಫ್. ಹಣ ತೆಗೆಯಬೇಡಿ. ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿ.ಎಫ್. ನಂಬರಿದೆಯಲ್ಲ, ಯು.ಎ.ಎನ್., ಅದಕ್ಕೇ ಹೊಸ ಅಂಗಡಿಯ ಖಾತೆ ಸೇರಿಸಿ. ಪಿ.ಎಫ್. ಜೊತೆಗಿನ ಪೆನ್ಷನ್ ಯೋಜನೆಯಲ್ಲಿ ಹತ್ತು ವರ್ಷ ತುಂಬಿದ್ದರೆ 58ಕ್ಕೆ ತಿಂಗಳ ಪೆನ್ಷನ್ ಸಿಗುತ್ತದೆ. ಸಂಬಳ 21,000 ರೂಪಾಯಿ ಮೀರದಿದ್ದರೆ ನೌಕರರ ಆರೋಗ್ಯ ವಿಮೆ ಇ.ಎಸ್.ಐ. ಕೂಡ ಇರಬೇಕು. ಆ ಕಾರ್ಡ್ ಹಿಡಿದು ಇ.ಎಸ್.ಐ. ಡಾಕ್ಟರ ಹತ್ತಿರ ಹೋಗಿ ಮಂಡಿ ತೋರಿಸಿ.

ಕೆಲಸ ಬಿಡಬೇಡಿ. ಸೋಮವಾರ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ಮ್ಯಾನೇಜರ್ ಹತ್ತಿರ ಹೋಗಿ. ಕಷ್ಟ ಹೇಳಿಕೊಳ್ಳುವವರ ಹಾಗೆ ನಿಲ್ಲಬೇಡಿ. ಆ ಹುಡುಗನಿಗಾಗಿ ಮಾಲೀಕರ ಜೊತೆ ಹೇಗೆ ಮಾತಾಡಿದಿರೋ ಹಾಗೇ ಮಾತಾಡಿ. ಪ್ರತಿ ಕೌಂಟರಿನ ಹಿಂದೆ ಒಂದು ಸ್ಟೂಲ್ ಬೇಕು, ಗಿರಾಕಿ ಇಲ್ಲದಾಗ ಎಲ್ಲರೂ ಕೂರಬೇಕು ಅಂತ ಕೇಳಿ. ಏನಂದರು ಅಂತ ನನಗೆ ಬರೆಯಿರಿ.