ಕಂಪನಿಯ ಸುಸ್ಥಿರತಾ ವರದಿಯ ಮೇಲೆ ನಿರ್ದೇಶಕ ಮಂಡಳಿಗೆ ಎಷ್ಟು ಹಿಡಿತ ಇರುತ್ತದೆ?

ಬಹಳಷ್ಟು. ಪರಿಸರ, ಸಮಾಜದ ಮೇಲೆ ಕಂಪನಿ ಬೀರುವ ಪರಿಣಾಮವನ್ನು ಹೇಳುವ ಈ ವರದಿ ಬರೆಯುವುದು ಸಿಬ್ಬಂದಿ. ಆದರೆ ಯಾವುದನ್ನು ಅಳೆಯಬೇಕು, ಎಷ್ಟು ಹೇಳಬೇಕು ಎಂಬುದು ಕೊನೆಗೆ ನಿಲ್ಲುವುದು ಮಂಡಳಿಯ ಮೇಜಿನ ಮೇಲೆ.

ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿಯನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಹೊಣೆ ಹೊತ್ತ ನಿರ್ದೇಶಕರ ಹೇಳಿಕೆ ಇರಬೇಕು. ಸುಸ್ಥಿರತೆಯ ವಿಷಯದಲ್ಲಿ ತೀರ್ಮಾನಿಸಲು ಮಂಡಳಿಯ ಸಮಿತಿಯೋ ನಿರ್ದೇಶಕರೋ ಇದ್ದಾರೆಯೇ ಎಂದೂ ವರದಿಯ ನಮೂನೆ ಕೇಳುತ್ತದೆ.

ಮಂಡಳಿಯ ಮನಸ್ಸು ನಿಜವಾಗಿ ಗೊತ್ತಾಗುವುದು ಐಚ್ಛಿಕ ಭಾಗದಲ್ಲಿ. ಸ್ವಂತ ಕಾರ್ಖಾನೆಯ ಮತ್ತು ಕೊಂಡ ವಿದ್ಯುತ್ತಿನ ಇಂಗಾಲ ಹೊರಸೂಸುವಿಕೆ ಕಡ್ಡಾಯದ ಪಟ್ಟಿಯಲ್ಲಿದೆ. ಪೂರೈಕೆದಾರರು, ಸಾಗಣೆ ಇತ್ಯಾದಿಗಳದ್ದು, ಅಂದರೆ 'ಸ್ಕೋಪ್ 3', ಆ ನಮೂನೆಯಲ್ಲಿ ಐಚ್ಛಿಕ. ಅನೇಕ ಉದ್ಯಮಗಳಲ್ಲಿ ದೊಡ್ಡ ಪಾಲು ಇರುವುದೇ ಅಲ್ಲಿ! ಅದನ್ನು ಲೆಕ್ಕ ಹಾಕಲು ದುಡ್ಡು ಬೇಕು, ಪೂರೈಕೆದಾರರ ಬೆನ್ನು ಹತ್ತಬೇಕು. ಮಂಡಳಿ ಒತ್ತಾಯಿಸದಿದ್ದರೆ ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಸಮಿತಿ ಇದ್ದಮಾತ್ರಕ್ಕೆ ಎಲ್ಲ ಸರಿ ಎಂದಲ್ಲ, ಹೆಸರಿಗಷ್ಟೇ ಇರುವವೂ ಉಂಟು. "ಈ ಬೋರ್‌ವೆಲ್ ನೀರಿನ ಅಂಕಿ ಮೀಟರಿನದೋ, ಅಂದಾಜಿನದೋ?" ಎಂದು ಒಬ್ಬ ಸ್ವತಂತ್ರ ನಿರ್ದೇಶಕರು (ಕಂಪನಿಯ ಆಡಳಿತಕ್ಕೋ ಮಾಲೀಕರಿಗೋ ಸೇರದವರು) ಕೇಳಿದರೆ ಸಾಕು, ಮುಂದಿನ ವರ್ಷದೊಳಗೆ ಮೀಟರ್ ಬಂದಿರುತ್ತದೆ.